ಏಳು ಹಸುಗಳ ಮೊಸರು ದೊಡ್ಡ ಕಂಪನಿಯ ಕೈಗೆ ಹೋದ ಮೇಲೆ

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ. ಅಲ್ಲಿ ಮೊಮ್ಮಗಳಿಗೆ ಸ್ಟೋನಿಫೀಲ್ಡ್ ಅನ್ನುವ ಸಾವಯವ ಮೊಸರು ತರುತ್ತಿದ್ದರು. ಹಳ್ಳಿಯ ಶಾಲೆಯೊಂದರಲ್ಲಿ ಶುರುವಾದ ಮೊಸರು ಇದು, ಆಮೇಲೆ ಫ್ರಾನ್ಸಿನ ದೊಡ್ಡ ಕಂಪನಿಗೆ ಮಾರಿಬಿಟ್ಟರು ಅಂತ ಅಳಿಯ ಹೇಳಿದರು. ಹಾಗೆ ಮಾರಿದ ಮೇಲೆ ಕಂಪನಿ ಬೆಳೆಯಿತಾ, ಕೆಟ್ಟಿತಾ? ನಾನು ಕೇಳುವುದಕ್ಕೆ ಕಾರಣ ಇದೆ. ತಿಪಟೂರಿನ ಹತ್ತಿರ ನಾವು ಹದಿನಾಲ್ಕು ಹೆಂಗಸರು ಎಂಟು ವರ್ಷದಿಂದ ರಾಗಿ ಹುರಿಹಿಟ್ಟು, ಮಾಲ್ಟ್ ಮಾಡಿ ಮಾರುತ್ತಿದ್ದೇವೆ. ರಾಗಿ ಸುತ್ತಲ ಊರಿನವರೇ ಕೊಡುತ್ತಾರೆ. ಈಗ ಒಂದು ಕಂಪನಿಯವರು ನಮ್ಮ ಹೆಸರು, ಘಟಕ ಎರಡನ್ನೂ ಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ಏನು ಮಾಡುವುದು?

ಉತ್ತರ: ನಮಸ್ಕಾರ ಅಮ್ಮ. ಸಣ್ಣ ಆಹಾರ ಘಟಕಗಳ ಲೆಕ್ಕ, ಕರಾರು ನೋಡಿಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷವಾಯಿತು. ಮಾರಬೇಕಾ ಬೇಡ್ವಾ ಅಂತ ಕೇಳಿಕೊಂಡು ಬಂದವರಿಗೆಲ್ಲ ನಾನು ಹೇಳುವ ಮೊದಲ ಕತೆ ಸ್ಟೋನಿಫೀಲ್ಡ್‌ನದೇ. ಹಾಗಾಗಿ ನಿಮ್ಮ ಮೊಮ್ಮಗಳ ಡಬ್ಬಿಯಿಂದಲೇ ಶುರು ಮಾಡೋಣ. ಸ್ವಲ್ಪ ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಓದಿ.

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಕಂಪನಿ ಬೆಳೆಯಿತು, ಚೆನ್ನಾಗಿಯೇ ಬೆಳೆಯಿತು. ಮೊಸರು ಕೆಡಲಿಲ್ಲ. ಆದರೆ ಮಾಲೀಕರು ಬದಲಾದರು ಅಂದ ಕೂಡಲೇ ಎಲ್ಲರೂ ಡಬ್ಬಿ ತೆರೆದು ರುಚಿ ನೋಡುತ್ತಾರೆ. ಏಟು ಬೀಳುವುದು ಅಲ್ಲಿ ಅಲ್ಲ. ಹಾಲು ಹಾಕುವವರ ಕೊಟ್ಟಿಗೆಯಲ್ಲಿ. ನಿಮ್ಮ ವಿಷಯದಲ್ಲಾದರೆ, ರಾಗಿ ಕೊಡುವವರ ಕಣದಲ್ಲಿ. ಖರೀದಿ ಯಾರ ಕೈಯಲ್ಲಿದೆ ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ. ಯಾಕೆ ಅಂತ ಈ ಕತೆ ಕೇಳಿದ ಮೇಲೆ ನಿಮಗೇ ಗೊತ್ತಾಗುತ್ತದೆ.

1983ರ ಮಾತು. ಅಮೆರಿಕದ ಈಶಾನ್ಯ ಮೂಲೆಯಲ್ಲಿ ನ್ಯೂ ಹ್ಯಾಂಪ್‌ಷೈರ್ ಅನ್ನುವ ಪುಟ್ಟ ರಾಜ್ಯ. ಅಲ್ಲಿ ವಿಲ್ಟನ್ ಊರಿನ ಗುಡ್ಡದ ಮೇಲೆ ಸ್ಯಾಮ್ಯುಯೆಲ್ ಕೇಮನ್ ಎಂಬುವರು ಸಾವಯವ ಕೃಷಿ ಕಲಿಸುವ ಶಾಲೆ ನಡೆಸುತ್ತಿದ್ದರು. ಶಾಲೆಗೆ ದುಡ್ಡು ಸಾಲುತ್ತಿರಲಿಲ್ಲ. ಕೇಮನ್ ಮೊಸರು ಚೆನ್ನಾಗಿ ಮಾಡುತ್ತಿದ್ದರು, ಏಳು ಹಸು ಇದ್ದವು. ಮೊಸರು ಮಾರಿ ಶಾಲೆ ನಡೆಸೋಣ ಅಂತ ಹೊರಟರು. ಶಾಲೆಯ ಟ್ರಸ್ಟಿಗಳಲ್ಲಿ ಒಬ್ಬರಾಗಿದ್ದ ಗ್ಯಾರಿ ಹಿರ್ಷ್‌ಬರ್ಗ್ ಅದೇ ವರ್ಷ ಜೊತೆಗೆ ಬಂದು ಸೇರಿದರು. ಕೊನೆಗೆ ಶಾಲೆ ನಿಂತುಹೋಯಿತು, ಮೊಸರು ಉಳಿಯಿತು.

ಹಿರ್ಷ್‌ಬರ್ಗ್ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಇದಕ್ಕೂ ಮೊದಲು ಅವರು ನ್ಯೂ ಆಲ್ಕೆಮಿ ಅನ್ನುವ ಸಣ್ಣ ಪರಿಸರ ಸಂಸ್ಥೆಯನ್ನು ನೋಡಿಕೊಳ್ಳುತ್ತಿದ್ದರು. 1982ರಲ್ಲಿ ಫ್ಲೋರಿಡಾದ ಡಿಸ್ನಿಯವರ ಎಪ್ಕಾಟ್ ಪಾರ್ಕಿಗೆ ಹೋದಾಗ ಕ್ರಾಫ್ಟ್ ಅನ್ನುವ ದೊಡ್ಡ ಆಹಾರ ಕಂಪನಿಯ ಹಣದಲ್ಲಿ ನಡೆಯುತ್ತಿದ್ದ ಕೃಷಿ ಪ್ರದರ್ಶನ ನೋಡಿದರು. ಮಣ್ಣೇ ಇಲ್ಲದೆ ಗೊಬ್ಬರದ ನೀರಿನಲ್ಲಿ ಗಿಡ ಬೆಳೆಸಿ, ನಾಳಿನ ಬೇಸಾಯ ಇದೇ ಅಂತ ತೋರಿಸುತ್ತಿದ್ದರು. ತಮ್ಮ ಸಂಸ್ಥೆಗೆ ವರ್ಷವಿಡೀ ಬರುವ ಜನಕ್ಕಿಂತ ಅಲ್ಲಿ ಒಂದೇ ದಿನಕ್ಕೆ ಬರುವವರು ಹೆಚ್ಚು. ಒಳ್ಳೆಯ ಮಾತು ಜನಕ್ಕೆ ಮುಟ್ಟಬೇಕಾದರೆ ನಾವೂ ಕ್ರಾಫ್ಟ್‌ನಷ್ಟು ದೊಡ್ಡವರಾಗಬೇಕು ಅಂತ ಅವತ್ತು ಅನಿಸಿತು ಎಂದು ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅಂದರೆ ಅವರಿಗೆ ದೊಡ್ಡದಾಗುವುದರ ಬಗ್ಗೆ ಭಯ ಇರಲಿಲ್ಲ, ಅದು ಮೊದಲಿನಿಂದಲೂ ಬೇಕಾಗಿದ್ದೇ.

ಆದರೆ ದೊಡ್ಡದಾಗುವುದು ಅಷ್ಟು ಸುಲಭ ಇತ್ತಾ? ಮೊದಲ ಲಾಭ ನೋಡುವುದಕ್ಕೆ ಒಂಬತ್ತು ವರ್ಷ ಹಿಡಿಯಿತು. ನಡುವೆ ಹೊರಗಿನ ಡೈರಿಯೊಂದರಲ್ಲಿ ಮೊಸರು ಮಾಡಿಸುತ್ತಿದ್ದರು, ಆ ಡೈರಿ ದಿವಾಳಿಯಾಯಿತು. ಮತ್ತೆ ಗುಡ್ಡದ ಮೇಲಿನ ಹಳೆಯ ಕೊಟ್ಟಿಗೆಗೇ ಬಂದು ಹಗಲು ರಾತ್ರಿ ಮೊಸರು ಮಾಡಿದರು. ಲಂಡನ್‌ಡೆರಿ ಊರಿನಲ್ಲಿ ಸರಿಯಾದ ಕಾರ್ಖಾನೆ ಕಟ್ಟುವ ಹೊತ್ತಿಗೆ ಸಾಲದ ಮೇಲೆ ಸಾಲ. ಹೆಂಡತಿಯ ತಾಯಿಯ ದುಡ್ಡೂ ಕಂಪನಿಯೊಳಗೆ ಹೋಯಿತು. ಬ್ಯಾಂಕಿನವರು ಕೊಡದ ದುಡ್ಡನ್ನು ಪರಿಚಯದವರಿಂದ, ಅವರ ಪರಿಚಯದವರಿಂದ ಸ್ವಲ್ಪ ಸ್ವಲ್ಪವಾಗಿ ಎತ್ತಿ, ಕೊನೆಗೆ ಷೇರುದಾರರೇ ಸುಮಾರು 300 ಜನ ಆದರು.

ಈ 300 ಜನದ ಮಾತನ್ನು ಸ್ವಲ್ಪ ನಿಂತು ಯೋಚಿಸಿ ಅಮ್ಮ. ಕಂಪನಿ ಮಾರಿದರು ಅಂದಾಗ ನಾವು ದುರಾಸೆ ಅಂದುಬಿಡುತ್ತೇವೆ. ಆದರೆ ಹದಿನೆಂಟು ವರ್ಷ ದುಡ್ಡು ಸಿಕ್ಕಿಹಾಕಿಕೊಂಡವರಿಗೆ ಅದನ್ನು ವಾಪಸ್ ಕೊಡಲೇಬೇಕು. ಮಗಳ ಮದುವೆ, ಮುಪ್ಪು, ಆಸ್ಪತ್ರೆ ಎಲ್ಲರಿಗೂ ಇರುತ್ತದೆ. ದಾರಿ ಎರಡೇ ಇತ್ತು. ಷೇರು ಮಾರುಕಟ್ಟೆಗೆ ಹೋಗುವುದು, ಇಲ್ಲವೇ ದೊಡ್ಡವರೊಬ್ಬರಿಗೆ ಪಾಲು ಮಾರುವುದು. 2001ರಲ್ಲಿ ಫ್ರಾನ್ಸಿನ ಡ್ಯಾನೋನ್ ಕಂಪನಿ ಶೇಕಡಾ 40ರಷ್ಟು ಪಾಲು ತೆಗೆದುಕೊಂಡಿತು. ಮುಂದಿನ ಎರಡು ಮೂರು ವರ್ಷದಲ್ಲಿ ಅದು ಶೇಕಡಾ 80 ದಾಟಿತು. ಸಣ್ಣ ಷೇರುದಾರರು ದುಡ್ಡು ತೆಗೆದುಕೊಂಡು ಹೊರಗೆ ಬಂದರು. ಕೇಮನ್ ನಿವೃತ್ತರಾದರು.

ಹಿರ್ಷ್‌ಬರ್ಗ್ ಮಾತ್ರ ಹೊರಗೆ ಬರಲಿಲ್ಲ. ಅವರು ಬರೆಸಿಕೊಂಡ ಕರಾರು ಬಹಳ ಅಪರೂಪದ್ದು. ಬಹುಪಾಲು ಷೇರು ಡ್ಯಾನೋನ್‌ನದಾದರೂ ಐದು ಜನರ ಆಡಳಿತ ಮಂಡಳಿಯಲ್ಲಿ ಮೂರು ಸ್ಥಾನ ಹಿರ್ಷ್‌ಬರ್ಗ್ ಕಡೆಗೆ. ಮುಖ್ಯಸ್ಥರ ಕುರ್ಚಿಯೂ ಅವರಿಗೇ. ಷರತ್ತು ಒಂದು, ವ್ಯಾಪಾರ ಹೇಳಿದ ಮಟ್ಟಕ್ಕೆ ಬೆಳೆಯುತ್ತಲೇ ಇರಬೇಕು. ದುಡ್ಡು ಹಾಕಿದವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರು. ಇಂಥ ಕರಾರು ಸಿಗುವುದು ಕಷ್ಟ. ಅವರಿಗೆ ಸಿಕ್ಕಿದ್ದಕ್ಕೆ ಕಾರಣ, ಮಾರುವ ಹೊತ್ತಿಗೆ ಅವರು ಮುಳುಗುವ ಸ್ಥಿತಿಯಲ್ಲಿ ಇರಲಿಲ್ಲ. ಕಂಪನಿ ಲಾಭದಲ್ಲಿತ್ತು, ವರ್ಷಕ್ಕೆ 10 ಕೋಟಿ ಡಾಲರ್ ಆಸುಪಾಸು ವ್ಯಾಪಾರ ಇತ್ತು, ಸಾವಯವದ ಬಗ್ಗೆ ಡ್ಯಾನೋನ್‌ಗೆ ಆಗ ಅಷ್ಟಾಗಿ ಗೊತ್ತಿರಲಿಲ್ಲ. ಕೈಯಲ್ಲಿ ಬಲ ಇದ್ದಾಗ ಮಾತಿಗೆ ಕೂತರು. ನೀವೂ ಹಾಗೆಯೇ ಕೂರಬೇಕು, ಇದನ್ನು ಆಮೇಲೆ ಹೇಳುತ್ತೇನೆ.

ಬೆಳೆದದ್ದು ಹೇಗೆ ಅಂತ ನೀವು ಕೇಳಿದ್ದೀರಿ. ಮೊಸರಿನ ವ್ಯಾಪಾರ ಅಂದರೆ ಅರ್ಧಕ್ಕರ್ಧ ತಣ್ಣನೆಯ ಲಾರಿಯ ವ್ಯಾಪಾರ. ಕೆಲವೇ ವಾರ ಬಾಳುವ ಸರಕು. ದೇಶದ ಆ ತುದಿಯ ಅಂಗಡಿಗೆ ಸಮಯಕ್ಕೆ ಮುಟ್ಟಬೇಕು, ಸೂಪರ್‌ಮಾರ್ಕೆಟ್ಟಿನ ಫ್ರಿಜ್ಜಿನಲ್ಲಿ ಕಣ್ಣಿಗೆ ಬೀಳುವ ಸಾಲಿನಲ್ಲಿ ಜಾಗ ಸಿಗಬೇಕು. ಆ ಜಾಗಕ್ಕೂ ಅಮೆರಿಕದಲ್ಲಿ ಎಷ್ಟೋ ಕಡೆ ದುಡ್ಡು ಕೊಡಬೇಕಾಗುತ್ತದೆ. ಡಬ್ಬಿ, ಮುಚ್ಚಳ, ಸಾಗಣೆ ಇವನ್ನೆಲ್ಲ ದೊಡ್ಡವರ ಜೊತೆ ಸೇರಿ ಕೊಂಡರೆ ಒಂದೊಂದು ಡಬ್ಬಿಗೂ ಖರ್ಚು ಇಳಿಯುತ್ತದೆ. ಸಣ್ಣ ಕಂಪನಿ ವರ್ಷಗಟ್ಟಲೆ ಒದ್ದಾಡುವ ಈ ಕೆಲಸಗಳನ್ನು ಡ್ಯಾನೋನ್‌ನಂಥ ಕಂಪನಿ ದಿನಾ ಮಾಡುತ್ತಿರುತ್ತದೆ. 2016ರ ಹೊತ್ತಿಗೆ ಸ್ಟೋನಿಫೀಲ್ಡ್ ವ್ಯಾಪಾರ ವರ್ಷಕ್ಕೆ ಸುಮಾರು 37 ಕೋಟಿ ಡಾಲರ್ ಆಗಿತ್ತು. ಹದಿನೈದು ವರ್ಷದಲ್ಲಿ ಮೂರು ಪಟ್ಟಿಗಿಂತ ಜಾಸ್ತಿ.

ಇನ್ನೊಂದು ವಿಷಯ ನನಗೆ ಮೊದಲ ಸಲ ಗೊತ್ತಾದಾಗ ನಂಬಲು ಕಷ್ಟವಾಯಿತು. ಡ್ಯಾನೋನ್ ಒಳಗೆ ಬಂದಾಗ ಸ್ಟೋನಿಫೀಲ್ಡ್‌ನ ಎಲ್ಲ ಮೊಸರೂ ಸಾವಯವ ಆಗಿರಲಿಲ್ಲ. ಪೂರ್ತಿ ಸಾವಯವ ಆದದ್ದು ಡ್ಯಾನೋನ್ ಒಡೆತನದಲ್ಲಿದ್ದಾಗ. ಲಾಭದಲ್ಲಿ ಶೇಕಡಾ 10ರಷ್ಟನ್ನು ಪರಿಸರದ ಕೆಲಸಕ್ಕೆ ಕೊಡುವ ಪದ್ಧತಿ 1993ರಲ್ಲಿ ಶುರುವಾಗಿತ್ತು, ಅದೂ ಮುಂದುವರಿಯಿತು. ದೊಡ್ಡವರು ಬಂದರೆ ಎಲ್ಲವೂ ಹಾಳು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಹಿರ್ಷ್‌ಬರ್ಗ್ ಅವರ ಆ ಮೂರು ಸ್ಥಾನ ಎಷ್ಟು ಕಾರಣವೋ ಸರ್ಕಾರದ ಸಾವಯವ ಮುದ್ರೆಯೂ ಅಷ್ಟೇ ಕಾರಣ. ಅಮೆರಿಕದ ಕೃಷಿ ಇಲಾಖೆಯ ಹಸಿರು ಮುದ್ರೆ 2002ರಿಂದ ಜಾರಿಗೆ ಬಂತು. ಮುದ್ರೆ ಬೇಕೆಂದರೆ ಮಾಲೀಕರು ಯಾರೇ ಆಗಲಿ ಹಸುವಿಗೆ ಸಾವಯವ ಮೇವು ಹಾಕಲೇಬೇಕು, ಹೊಲಕ್ಕೆ ಮೂರು ವರ್ಷ ರಾಸಾಯನಿಕ ಹಾಕದೆ ಇರಲೇಬೇಕು. ಮುದ್ರೆ ಉಳಿಸಿಕೊಳ್ಳಬೇಕಾದವರು ಮೊಸರನ್ನು ಕೆಡಿಸಲಾರರು.

ಈಗ ಹಾಲಿನ ಕಡೆಗೆ ಬರೋಣ. ನನ್ನ ಪ್ರಕಾರ ಇಡೀ ಕತೆಯ ತಿರುಳು ಇಲ್ಲೇ ಇದೆ.

ಅಂಗಡಿಯಲ್ಲಿ ಬೇಡಿಕೆ ಒಂದು ವರ್ಷದಲ್ಲಿ ಏರಬಹುದು. ಹೊಲ ಹಾಗೆ ಏರುವುದಿಲ್ಲ. ಈಗಷ್ಟೇ ಹೇಳಿದೆನಲ್ಲ, ನೆಲ ಸಾವಯವ ಆಗಲು ಮೂರು ವರ್ಷ ಬೇಕು. ಹಸುಗಳನ್ನು ಆ ಪದ್ಧತಿಗೆ ತರಲು ಒಂದು ವರ್ಷ. ಅಷ್ಟು ದಿನ ರೈತ ಹೆಚ್ಚು ಖರ್ಚು ಮಾಡಿ ಹಳೆಯ ಬೆಲೆಗೇ ಹಾಲು ಹಾಕಬೇಕು. ಹಾಗಾಗಿ 2005–06ರ ಹೊತ್ತಿಗೆ ಅಮೆರಿಕದಲ್ಲಿ ಸಾವಯವ ಹಾಲಿಗೆ ದೊಡ್ಡ ಕೊರತೆ ಬಂತು. ವರ್ಷವರ್ಷ ಬೆಳೆಯುತ್ತೇವೆ ಅಂತ ಮಾತು ಕೊಟ್ಟಿದ್ದ ಸ್ಟೋನಿಫೀಲ್ಡ್‌ಗೆ ಹಾಲೇ ಸಾಲದು. ನ್ಯೂಜಿಲೆಂಡ್‌ನಿಂದ ಸಾವಯವ ಹಾಲಿನ ಪುಡಿ ತರಿಸುವ ಮಾತು ಹೊರಬಿದ್ದಾಗ ಗಿರಾಕಿಗಳಿಗೆ ನೋವಾಯಿತು. ಪಕ್ಕದ ಗುಡ್ಡದ ಹಸುವಿನ ಹಾಲು ಅಂತ ನಂಬಿ ತಿನ್ನುತ್ತಿದ್ದವರು ಅವರು. ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ, ಪುಡಿಯೂ ಸಾವಯವವೇ. ಆದರೆ ಕಂಪನಿ ಬೆಳೆಯುವ ವೇಗಕ್ಕೂ ಹುಲ್ಲು ಬೆಳೆಯುವ ವೇಗಕ್ಕೂ ಹೊಂದಾಣಿಕೆ ಇಲ್ಲ ಅನ್ನುವುದು ಅವತ್ತು ಎಲ್ಲರಿಗೂ ಕಾಣಿಸಿತು.

ಹಿರ್ಷ್‌ಬರ್ಗ್ 2012ರಲ್ಲಿ ಮುಖ್ಯಸ್ಥರ ಕುರ್ಚಿ ಬಿಟ್ಟರು. ಆಮೇಲೆ 2016ರಲ್ಲಿ ಡ್ಯಾನೋನ್ ಇನ್ನೂ ದೊಡ್ಡದೊಂದನ್ನು ಕೊಳ್ಳಲು ಹೊರಟಿತು. ವೈಟ್‌ವೇವ್ ಅನ್ನುವ ಕಂಪನಿ, ಸಾಲವನ್ನೂ ಸೇರಿಸಿ 1,250 ಕೋಟಿ ಡಾಲರ್ ವ್ಯವಹಾರ. ಹೊರೈಜನ್ ಎಂಬ ಹೆಸರಿನ ಸಾವಯವ ಹಾಲು ವೈಟ್‌ವೇವ್‌ದೇ. ಆಗ ಅಮೆರಿಕದ ನ್ಯಾಯ ಇಲಾಖೆ ಅಡ್ಡ ಬಂತು. ಸ್ಟೋನಿಫೀಲ್ಡ್ ಮಾರಿದರೆ ಮಾತ್ರ ಒಪ್ಪಿಗೆ ಅಂದಿತು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಈ ಎರಡು ವ್ಯವಹಾರ ಒಂದಾದರೆ ಈಶಾನ್ಯ ರಾಜ್ಯಗಳ ಸಾವಯವ ಹಾಲಿನ ರೈತರಿಗೆ ಹಾಲು ಮಾರಲು ಪೈಪೋಟಿಯೇ ಉಳಿಯುವುದಿಲ್ಲ ಅನ್ನುವುದು. ನೋಡಿ, ಸಾಮಾನ್ಯವಾಗಿ ಇಂಥ ತಕರಾರು ಗಿರಾಕಿಗೆ ಬೆಲೆ ಜಾಸ್ತಿ ಆಗುತ್ತದೆ ಅಂತ ಬರುತ್ತದೆ. ಇಲ್ಲಿ ರೈತನ ಹಾಲಿಗೆ ಕೊಳ್ಳುವವರು ಕಡಿಮೆಯಾಗುತ್ತಾರೆ ಅನ್ನುವುದನ್ನೂ ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡಿತು. ನನಗೆ ಇದು ತುಂಬಾ ದೊಡ್ಡ ವಿಷಯವಾಗಿ ಕಂಡಿದೆ. ಕೊನೆಗೆ ಸ್ಟೋನಿಫೀಲ್ಡ್ 87.5 ಕೋಟಿ ಡಾಲರಿಗೆ ಫ್ರಾನ್ಸಿನದೇ ಇನ್ನೊಂದು ಕಂಪನಿ ಲ್ಯಾಕ್ಟಾಲಿಸ್ ಪಾಲಾಯಿತು. ನಿಮ್ಮ ಅಳಿಯ ಹೇಳಿದ್ದು ಸರಿ, ಫ್ರಾನ್ಸಿನ ಕಂಪನಿಯದ್ದೇ, ಆದರೆ ಈಗ ಎರಡನೆಯ ಮಾಲೀಕರು.

ಹೊರೈಜನ್ ಡ್ಯಾನೋನ್ ಕೈಯಲ್ಲಿ ಉಳಿಯಿತು. 2021ರ ಆಗಸ್ಟ್‌ನಲ್ಲಿ ಈಶಾನ್ಯದ 89 ಸಣ್ಣ ಸಾವಯವ ಹೈನುಗಾರರಿಗೆ ಒಂದು ಕಾಗದ ಬಂತು. ಒಂದು ವರ್ಷದ ನಂತರ ನಿಮ್ಮ ಹಾಲು ತೆಗೆದುಕೊಳ್ಳುವುದಿಲ್ಲ ಅಂತ. ಅದರಲ್ಲಿ 14 ಮನೆ ಮೇನ್ ರಾಜ್ಯದವು. ಹಾಲು ಕೆಟ್ಟಿರಲಿಲ್ಲ, ಹಸುವಿಗೆ ರೋಗ ಇರಲಿಲ್ಲ. ಕಂಪನಿ ಕೊಟ್ಟ ಕಾರಣ ಸಾಗಣೆ. ಗುಡ್ಡಗಾಡಿನಲ್ಲಿ ಚದುರಿದ ಸಣ್ಣ ಕೊಟ್ಟಿಗೆಗಳಿಗೆ ಟ್ಯಾಂಕರ್ ಓಡಿಸುವುದು ದುಬಾರಿ. ಪಶ್ಚಿಮದ ರಾಜ್ಯಗಳಲ್ಲಿ ಸಾವಿರಾರು ಹಸುಗಳ ಡೈರಿಗಳಿದ್ದವು, ಅಲ್ಲಿ ಒಂದು ಗೇಟಿನಲ್ಲಿ ಟ್ಯಾಂಕರ್ ತುಂಬುತ್ತದೆ. ಪ್ಯಾರಿಸ್‌ನಲ್ಲೋ ನ್ಯೂಯಾರ್ಕ್‌ನಲ್ಲೋ ಕೂತು ಲೆಕ್ಕ ನೋಡುವವರಿಗೆ ಈ ತೀರ್ಮಾನ ಸರಿಯಾಗಿಯೇ ಕಂಡಿರುತ್ತದೆ. ಮೂರು ವರ್ಷ ಕಾದು ನೆಲ ಬದಲಾಯಿಸಿದವರ ಮನೆಯಲ್ಲಿ ಹಾಗೆ ಕಾಣುವುದಿಲ್ಲ. ಹಾಲು ಕಾಯುವುದಿಲ್ಲ ಅಮ್ಮ, ನಿಮಗೆ ಗೊತ್ತು. ಬೆಳಿಗ್ಗೆ ಕರೆದದ್ದನ್ನು ತೆಗೆದುಕೊಳ್ಳುವವರು ಇಲ್ಲ ಅಂದರೆ ಚೆಲ್ಲಬೇಕು, ಇಲ್ಲವೇ ಹಸು ಮಾರಬೇಕು.

ಗಲಾಟೆಯಾದ ಮೇಲೆ ಡ್ಯಾನೋನ್ ಗಡುವನ್ನು ಆರು ತಿಂಗಳು ಮುಂದಕ್ಕೆ ಹಾಕಿತು. ಅಷ್ಟರಲ್ಲಿ ಈ ರೈತರ ಪರವಾಗಿ ಓಡಾಡಿದವರಲ್ಲಿ ಮುಂದೆ ನಿಂತವರು ಯಾರು ಗೊತ್ತಾ? ಅದೇ ಗ್ಯಾರಿ ಹಿರ್ಷ್‌ಬರ್ಗ್. ಈಶಾನ್ಯದ ಸಾವಯವ ಹಾಲನ್ನೇ ಕೊಳ್ಳುತ್ತೇವೆ ಅಂತ ಗಿರಾಕಿಗಳಿಂದ, ಅಂಗಡಿಯವರಿಂದ ಮಾತು ತೆಗೆದುಕೊಳ್ಳುವ ಒಂದು ಕೂಟ ಕಟ್ಟಿದರು. ತಮ್ಮ ಕಂಪನಿಯನ್ನು ಯಾರಿಗೆ ಮಾರಿದ್ದರೋ ಅವರೇ ಕೈಬಿಟ್ಟ ರೈತರಿಗಾಗಿ. ಹಲವು ರೈತರನ್ನು ಆರ್ಗ್ಯಾನಿಕ್ ವ್ಯಾಲಿ ತನ್ನೊಳಗೆ ಸೇರಿಸಿಕೊಂಡಿತು, ಕೆಲವರನ್ನು ಸ್ಟೋನಿಫೀಲ್ಡ್ ತೆಗೆದುಕೊಂಡಿತು. ಹೊರೈಜನ್ ಅನ್ನು ಡ್ಯಾನೋನ್ 2024ರಲ್ಲಿ ಪ್ಲಾಟಿನಮ್ ಇಕ್ವಿಟಿ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು.

ಆರ್ಗ್ಯಾನಿಕ್ ವ್ಯಾಲಿ ಅಂದರೆ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಅದು ರೈತರದೇ ಸಹಕಾರ ಸಂಘ. 1988ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಶುರುವಾಯಿತು. ಹಾಲು ಹಾಕುವವರೇ ಮಾಲೀಕರು, ನಮ್ಮ ಊರಿನ ಡೈರಿ, ಅದರ ಮೇಲೆ ಹಾಲು ಒಕ್ಕೂಟ ಇದ್ದ ಹಾಗೆ. ಅಲ್ಲೂ ಕಷ್ಟ ಇದೆ, ಹಾಲು ಜಾಸ್ತಿಯಾದ ವರ್ಷ ಬೆಲೆ ಇಳಿಸಿದ್ದಾರೆ, ಎಲ್ಲರನ್ನೂ ಸೇರಿಸಿಕೊಳ್ಳಲು ಆಗುವುದಿಲ್ಲ. ಆದರೆ ಸಂಘವನ್ನು ಯಾರೋ ಬಂದು ಕೊಂಡುಕೊಂಡು ಹೋಗುವ ಭಯ ಹಾಲು ಹಾಕುವವರಿಗೆ ಇಲ್ಲ.

ಮಾರಿದ ಮೇಲೆ ಹೆಸರೇ ಇಲ್ಲದಂತಾದವೂ ಇವೆ. ಒಡ್‌ವಾಲಾ ಅನ್ನುವ ಹಣ್ಣಿನ ರಸ 1980ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಹಳೆಯ ಜ್ಯೂಸ್ ಯಂತ್ರ, ಒಂದು ವ್ಯಾನು ಇಟ್ಟುಕೊಂಡು ಶುರುವಾಗಿತ್ತು. 1996ರಲ್ಲಿ ಕಾಯಿಸದ ಸೇಬಿನ ರಸದಲ್ಲಿ ರೋಗಾಣು ಸೇರಿ ಒಂದು ಮಗು ತೀರಿಹೋಯಿತು, ಹತ್ತಾರು ಜನ ಮಲಗಿದರು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಸಣ್ಣವರು ಮಾಡಿದ್ದೆಲ್ಲ ಶುದ್ಧ ಅನ್ನುವ ನಂಬಿಕೆಯೂ ಅಪಾಯ. ಆ ಕಂಪನಿ ಎದ್ದು ನಿಂತಿತು, 2001ರಲ್ಲಿ ಕೋಕಾ ಕೋಲಾ 18.1 ಕೋಟಿ ಡಾಲರಿಗೆ ಕೊಂಡಿತು, 2020ರಲ್ಲಿ ಮುಚ್ಚಿತು. 300 ಜನರ ಕೆಲಸ, 230 ತಣ್ಣನೆಯ ಲಾರಿಗಳು ಒಟ್ಟಿಗೆ ಹೋದವು. ಆನೆಸ್ಟ್ ಟೀ ಅನ್ನುವ ಸಾವಯವ ಚಹಾದ್ದೂ ಅದೇ ದಾರಿ. 2008ರಲ್ಲಿ ಅದೇ ಕೋಕಾ ಕೋಲಾ ಶೇಕಡಾ 40 ಪಾಲು ಕೊಂಡಿತು, 2011ರಲ್ಲಿ ಪೂರ್ತಿ, 2022ರ ಕೊನೆಗೆ ಆ ಬಾಟಲಿ ಚಹಾವನ್ನು ನಿಲ್ಲಿಸಿತು. ಕಟ್ಟಿದ ಸೇತ್ ಗೋಲ್ಡ್‌ಮನ್ ಅದೇ ವರ್ಷ ಬೇರೆ ಹೆಸರಿನಲ್ಲಿ ಮತ್ತೆ ಸಾವಯವ ಚಹಾ ಶುರು ಮಾಡಿದರು. ನಷ್ಟವಾಗಿ ಮುಚ್ಚುವುದು ಬೇರೆ. ಸಾವಿರಾರು ಕೋಟಿಯ ಲೆಕ್ಕದಲ್ಲಿ ಇದು ತೀರಾ ಸಣ್ಣದು, ಇದಕ್ಕೆ ಲಾರಿ ಓಡಿಸುವುದು ಯಾಕೆ ಅಂತ ಮುಚ್ಚುವುದು ಬೇರೆ. ಆ ಎರಡನೆಯದು ದೊಡ್ಡವರ ಮನೆಯಲ್ಲಿ ಮಾತ್ರ ಆಗುತ್ತದೆ.

ನಮ್ಮಲ್ಲೂ ಇದು ಶುರುವಾಗಿದೆ. ಬೆಂಗಳೂರಿನಲ್ಲಿ ರಾಗಿ ತಿಂಡಿಗಳಿಂದ ಹೆಸರು ಮಾಡಿದ ಸೋಲ್‌ಫುಲ್ ಅನ್ನು ಟಾಟಾ ಕನ್ಸ್ಯೂಮರ್ 2021ರಲ್ಲಿ 155.8 ಕೋಟಿ ರೂಪಾಯಿಗೆ ಕೊಂಡಿತು. ಬೆಂಗಳೂರಿನದೇ ಯೋಗಾಬಾರ್‌ನಲ್ಲಿ ಐಟಿಸಿ 2023ರಿಂದ ಹಂತ ಹಂತವಾಗಿ ಪಾಲು ತೆಗೆದುಕೊಳ್ಳತೊಡಗಿತು. ಹೈದರಾಬಾದಿನ 24 ಮಂತ್ರ ಕೂಡ ಐಟಿಸಿ ಕಡೆಗೆ ಹೋಯಿತು. ರಾಗಿ ತಿಂಡಿ ಊರೂರಿನ ಅಂಗಡಿಗೆ ಬಂತು ಅನ್ನುವುದು ಒಳ್ಳೆಯದೇ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವವರು ನಾವು, ರಾಗಿ ಬೇಕು ಅನ್ನುವವರು ಹೆಚ್ಚಾದರೆ ನಮಗೇ ಲಾಭ. ಇವು ಮುಂದೆ ಸ್ಟೋನಿಫೀಲ್ಡ್ ಆಗುತ್ತವೋ ಒಡ್‌ವಾಲಾ ಆಗುತ್ತವೋ ಅಂತ ಈಗಲೇ ತೀರ್ಪು ಕೊಡುವುದು ಸರಿಯಲ್ಲ.

ಈಗ ನಿಮ್ಮ ವಿಷಯ. ಹಲವು ವರ್ಷದ ಹಿಂದೆ ಒಂದು ಬೆಲ್ಲದ ಘಟಕದವರ ಕರಾರು ನಾನೇ ನೋಡಿಕೊಟ್ಟಿದ್ದೆ. ಬೆಲೆ ಚೆನ್ನಾಗಿ ಬಂತು. ಹೆಸರು, ಯಂತ್ರ, ಜಾಗದ ಬಾಡಿಗೆ ಎಲ್ಲ ಸರಿಯಾಗಿ ಬರೆಸಿದೆ. ಕಬ್ಬು ಯಾರಿಂದ ಕೊಳ್ಳಬೇಕು ಅನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ, ಅದು ನನ್ನ ತಲೆಗೇ ಹೋಗಲಿಲ್ಲ. ಮೊದಲಿನ ಹಾಗೇ ನಡೆಯುತ್ತದೆ ಅಂದುಕೊಂಡಿದ್ದೆ. ಎರಡನೇ ವರ್ಷಕ್ಕೆ ಕೊಂಡವರು ಬೇರೆ ಜಿಲ್ಲೆಯಿಂದ ಬೆಲ್ಲವನ್ನೇ ತರಿಸಿ ಅದೇ ಹೆಸರಿನಲ್ಲಿ ಪೊಟ್ಟಣ ಕಟ್ಟತೊಡಗಿದರು. ರಾಸಾಯನಿಕ ಬಿಟ್ಟು ಕಬ್ಬು ಬೆಳೆದಿದ್ದ ಹನ್ನೊಂದು ಮನೆಯವರು ಅದನ್ನು ಮಾಮೂಲಿ ಆಲೆಮನೆಗೆ ಮಾಮೂಲಿ ಬೆಲೆಗೆ ಹಾಕಿದರು. ಅವರಲ್ಲಿ ಒಬ್ಬ ಹಿರಿಯರು ನನ್ನ ಹತ್ತಿರ ಬಂದು ಕೋಪದಿಂದ ಏನೂ ಅನ್ನಲಿಲ್ಲ, ಕಾಗದದಲ್ಲಿ ನಮ್ಮ ಹೆಸರು ಎಲ್ಲಿದೆ ತೋರಿಸಪ್ಪ ಅಂದರು. ತೋರಿಸಲು ಏನೂ ಇರಲಿಲ್ಲ. ಅವತ್ತಿನಿಂದ ನಾನು ಕರಾರನ್ನು ಖರೀದಿಯ ಸಾಲಿನಿಂದಲೇ ಓದಲು ಶುರು ಮಾಡುತ್ತೇನೆ.

ಹಾಗಾಗಿ ನಿಮಗೂ ಅದನ್ನೇ ಹೇಳುತ್ತೇನೆ. ಘಟಕ, ಹೆಸರು ಎರಡನ್ನೂ ಒಂದೇ ಸಲ ಪೂರ್ತಿ ಮಾರಬೇಡಿ. ಮೊದಲು ಒಂದು ಪಾಲು ಮಾತ್ರ ಕೊಡುತ್ತೇವೆ ಅನ್ನಿ. ನಿಮಗೆ ಸಾಲದ ಒತ್ತಡ ಇಲ್ಲದಿದ್ದರೆ ಅವಸರವೇ ಬೇಡ, ಹಿರ್ಷ್‌ಬರ್ಗ್‌ಗೆ ಅನುಕೂಲವಾದದ್ದು ಅದೇ. ಹದಿನಾಲ್ಕು ಜನರಲ್ಲಿ ವಯಸ್ಸಾದವರು, ದುಡ್ಡಿನ ಜರೂರು ಇರುವವರು ಇದ್ದರೆ ಅವರ ಪಾಲನ್ನು ಮಾತ್ರ ಮೊದಲು ಕೊಡಬಹುದು, ಅದರಲ್ಲಿ ತಪ್ಪಿಲ್ಲ.

ಖರೀದಿಯ ವಿಷಯ ಮಾತಿನಲ್ಲಿ ಬಿಡಬೇಡಿ. ಯಾವ ಊರುಗಳ ರಾಗಿ, ವರ್ಷಕ್ಕೆ ಕನಿಷ್ಠ ಎಷ್ಟು ಕ್ವಿಂಟಾಲ್, ಬೆಲೆ ಹೇಗೆ ಗೊತ್ತುಮಾಡುವುದು, ಎಷ್ಟು ದಿನದಲ್ಲಿ ದುಡ್ಡು, ಎಲ್ಲವೂ ಬರವಣಿಗೆಯಲ್ಲಿ ಇರಲಿ. ಬೆಲೆಗೆ ಸರ್ಕಾರದ ಬೆಂಬಲ ಬೆಲೆಯನ್ನು ತಳವಾಗಿ ಇಟ್ಟು ಅದರ ಮೇಲೆ ಇಷ್ಟು ಅಂತ ಬರೆಸಬಹುದು. ಖರೀದಿ ನಿಲ್ಲಿಸುವುದಾದರೆ ಎಷ್ಟು ಮುಂಚೆ ತಿಳಿಸಬೇಕು ಅನ್ನುವುದು ಬಹಳ ಮುಖ್ಯ. ರಾಗಿಗಾದರೆ ಕನಿಷ್ಠ ಒಂದು ಪೂರ್ತಿ ಬೆಳೆಯ ಕಾಲ ಸಿಗಬೇಕು, ಬಿತ್ತಿದ ಮೇಲೆ ಬೇಡ ಅನ್ನುವ ಹಾಗಿರಬಾರದು. ಮತ್ತೆ ಈ ಕರಾರಿಗೆ ರೈತರ ಕಡೆಯಿಂದಲೂ ಒಂದು ಸಹಿ ಬೇಕು. ನೀವು ಹದಿನಾಲ್ಕು ಜನ ನಾಳೆ ಹೊರಗೆ ಬಂದರೂ ಕೇಳುವ ಹಕ್ಕು ಅವರಿಗೆ ಉಳಿಯುತ್ತದೆ. ಅವರದ್ದೊಂದು ಸಂಘ ಇಲ್ಲದಿದ್ದರೆ ಇದೇ ನೆಪದಲ್ಲಿ ಮಾಡಿಸಿ.

ಇನ್ನೊಂದು, ಜನ ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ನಿಮ್ಮ ರಾಗಿಗೆ ಸಾವಯವ ಪ್ರಮಾಣಪತ್ರ ಇದ್ದರೆ ಅದು ಯಾರ ಹೆಸರಿನಲ್ಲಿದೆ ನೋಡಿ. ಕಂಪನಿಯವರು ಪ್ರಮಾಣಪತ್ರದ ಖರ್ಚು ನಾವೇ ಕೊಡುತ್ತೇವೆ ಅಂತ ಬರುತ್ತಾರೆ, ಕೇಳಲು ಚೆನ್ನಾಗಿರುತ್ತದೆ. ಆದರೆ ಗುಂಪಿನ ಪ್ರಮಾಣಪತ್ರ ಕಂಪನಿಯ ಹೆಸರಿನಲ್ಲಿ ಆದರೆ, ಅವರು ಕೈಬಿಟ್ಟ ದಿನ ನಿಮ್ಮ ರೈತರು ಅದೇ ಹೊಲದ ಅದೇ ರಾಗಿಯನ್ನು ಸಾವಯವ ಅಂತ ಬೇರೆಯವರಿಗೆ ಮಾರಲು ಆಗುವುದಿಲ್ಲ. ಅದು ರೈತರ ಸಂಘದ ಹೆಸರಿನಲ್ಲೇ ಇರಲಿ. ಖರ್ಚನ್ನು ಕಂಪನಿ ಕೊಟ್ಟರೆ ಕೊಡಲಿ.

ಹೆಸರಿನ ಬಗ್ಗೆ ಒಂದು ಸಾಲು. ಅವರು ಈ ಹುರಿಹಿಟ್ಟನ್ನು ಎರಡು ವರ್ಷ ಮಾಡದೆ ಬಿಟ್ಟರೆ ಹೆಸರು ವಾಪಸ್ ನಿಮಗೆ ಬರಬೇಕು ಅಂತ ಬರೆಸಿ. ಮೊದಲು ಒಪ್ಪುವುದಿಲ್ಲ, ಬಿಡದೆ ಕೇಳಿ. ಜೊತೆಗೆ, ಮಾರಿದ ಮೇಲೆ ಇಷ್ಟು ವರ್ಷ ಇದೇ ವ್ಯಾಪಾರ ಮಾಡಬಾರದು ಅನ್ನುವ ಷರತ್ತು ಹಾಕಿರುತ್ತಾರೆ. ಅದು ಎಷ್ಟು ವರ್ಷ, ಯಾವ ಯಾವ ಪದಾರ್ಥಕ್ಕೆ ಅಂತ ಬೆರಳಿಟ್ಟು ಓದಿ. ಸೇತ್ ಗೋಲ್ಡ್‌ಮನ್ ಮತ್ತೆ ಚಹಾ ಶುರು ಮಾಡಿದ ಹಾಗೆ ನಿಮಗೂ ಒಂದು ದಿನ ಒಲೆ ಹಚ್ಚಬೇಕು ಅನಿಸಬಹುದು.

ಇಷ್ಟಕ್ಕೆಲ್ಲ ಒಪ್ಪುವ ಕಂಪನಿ ಆದರೆ ಖಂಡಿತ ಮಾತಾಡಿ. ನಿಮ್ಮ ಹುರಿಹಿಟ್ಟು ಹುಬ್ಬಳ್ಳಿಗೂ ನ್ಯೂಜೆರ್ಸಿಗೂ ಹೋಗಲಿ ಅಂತ ನನಗೂ ಆಸೆ ಇದೆ. ಖರೀದಿಯ ಸಾಲು ಬರೆಯುವುದಿಲ್ಲ, ಮೇಲಿನಿಂದ ಅನುಮತಿ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಆ ಸಾಲನ್ನು ಒಪ್ಪದವರು ನಿಮ್ಮ ಹೆಸರನ್ನು ಮಾತ್ರ ಕೊಳ್ಳಲು ಬಂದವರು.

ಮೊಮ್ಮಗಳಿಗೆ ಆ ಮೊಸರು ಕೊಡಬಹುದಾ ಅಂತ ಮನಸ್ಸಿನಲ್ಲಿ ಇದ್ದರೆ, ಧಾರಾಳವಾಗಿ ಕೊಡಿ. ಸಕ್ಕರೆ ಹಾಕದ ಸಾದಾ ಮೊಸರಿನ ಡಬ್ಬಿ ತರಲು ಮಗಳಿಗೆ ಹೇಳಿ. ಕಂಪನಿಯವರು ಕೊಟ್ಟಿರುವ ಕರಾರು ಇಂಗ್ಲಿಷಿನಲ್ಲಿದ್ದರೆ ಸಹಿಗೆ ಮೊದಲು ಕನ್ನಡಕ್ಕೆ ಮಾಡಿಸಿ, ಹದಿನಾಲ್ಕು ಜನರನ್ನೂ, ರಾಗಿ ಕೊಡುವವರನ್ನೂ ಕೂರಿಸಿ ಗಟ್ಟಿಯಾಗಿ ಓದಿಸಿ. ಖರೀದಿಯ ಪುಟ ಬಂದಾಗ ನಿಧಾನವಾಗಿ ಎರಡು ಸಲ ಓದಿಸಿ. ಆ ಪುಟವೇ ಇಲ್ಲದಿದ್ದರೆ ನನಗೆ ಬರೆಯಿರಿ, ಕೂತು ಬರೆದುಕೊಡುತ್ತೇನೆ.